ಎಲ್ಲರಿಗೂ ಒಂದೇ ನಮೂನೆ

ನಮ್ಮ ಪದ್ಮಜಾಳಿಗೆ ಗದ್ದಲವೆಂದರೆ ಪ್ರಾಣ. ಮನೋಳಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಒಂದನೇ ತರಗತಿ ಅವಳದು, ಗೋಡೆಯಾಚೆ ಎರಡನೆಯದು ನನ್ನದು. ಅವಳ ಮಕ್ಕಳು ಬಾಯಿ ಬಿಟ್ಟರೆ ನನ್ನ ಮಗ್ಗಿ ಮುಳುಗಿಹೋಗುತ್ತಿತ್ತು. ಜಗಳಕ್ಕೆ ಹೋದರೆ, "ಮಾತಾಡೋ ಕೂಸು ಕಲೀತದ, ಬಿಡ್ರಿ" ಎಂದು ನಗುತ್ತಿದ್ದಳು.

ಕಬ್ಬಿನ ಹಂಗಾಮಿಗೆ ಮರಾಠಿ ಸೀಮೆಯ ಬೀಡ್ ಕಡೆಯಿಂದ ಕಡಿಯುವ ಕೂಲಿಕಾರರ ಟೋಳಿ ಬಂದು ಹೊಲದಂಚಿನಲ್ಲಿ ಗುಡಿಸಲು ಹಾಕುತ್ತದೆ. ಕಳೆದ ವರ್ಷ ಆ ಟೋಳಿಯ ಶೀತಲ್ ಎಂಬ ಪುಟ್ಟ ಹುಡುಗಿಯನ್ನು ಪದ್ಮಜಾ ತಾನೇ ಹೋಗಿ ಕರೆತಂದಳು. ಹುಡುಗಿಗೆ ಕನ್ನಡ ಬಾರದು. ಪದ್ಮಜಾಳ ಅತ್ತೆ ಇಂದಿರಾಬಾಯಿ ಸೊಲ್ಲಾಪುರದವರಾದ್ದರಿಂದ ಇವಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಮರಾಠಿಯಲ್ಲೇ ಪಾಠ ಹೇಳುತ್ತ ನಡುನಡುವೆ ಕನ್ನಡ ತೂರಿಸಿದಳು. ಬರಬರುತ್ತ ಶೀತಲ್ ಎರಡನ್ನೂ ಕಲಸಿ ದಿನವಿಡೀ ವಟಗುಟ್ಟತೊಡಗಿದಳು.

ಒಂದು ಬೆಳಿಗ್ಗೆ ಶಾಲಾ ಸಮಿತಿಯ ಮಲಕಾಜಪ್ಪ ಬಂದ. ಕೆಟ್ಟವನಲ್ಲ. ಅವನ ಮೊಮ್ಮಗಳೂ ಅದೇ ತರಗತಿಯಲ್ಲಿದ್ದಳು.

"ಅಕ್ಕೋರ, ನಮ್ಮ ಹುಡುಗಿಗೆ ಇನ್ನೂ ಅಕ್ಷರ ಕೂಡಿಸಾಕ ಬರವಲ್ದು. ನೀವು ನೋಡಿದ್ರ ಆ ಹುಡುಗಿ ಬಾಜೂಕ ಕುಂತಿರತೀರಿ. ಹಂಗಾಮು ಮುಗದ್ರ ಹೋಗಾವ್ರಿಗೆ ಬ್ಯಾರೆ ಪಾಠ, ನಮ್ಮವಕ್ಕ ಬ್ಯಾರೆ. ಎಲ್ಲಾರಿಗೂ ಒಂದ ನಮೂನಿ ಇರಬೇಕಲ್ರಿ?"

ಮೊಮ್ಮಗಳು ಹಿಂದೆ ಬಿದ್ದದ್ದು ಸುಳ್ಳೇನಲ್ಲ. ಅಂದಿನಿಂದ ಎಲ್ಲರಿಗೂ ಕನ್ನಡವೇ ಆಯಿತು. ಶೀತಲ್ ಮರಾಠಿಯಲ್ಲಿ ಶುರುಮಾಡಿದರೆ ಪದ್ಮಜಾ ಹುಡುಗಿಯ ತುಟಿಯ ಮೇಲೆ ಮೆಲ್ಲಗೆ ಬೆರಳಿಟ್ಟು, "ಕನ್ನಡದಾಗ ಹೇಳವಾ" ಅನ್ನುತ್ತಿದ್ದಳು. ಹುಡುಗಿಗೆ ತಿಳಿದದ್ದು ಬೆರಳಷ್ಟೇ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

ಗಾಬರಿಬಿದ್ದ ಪದ್ಮಜಾ ಊಟದ ಬಿಡುವಿನಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮರಾಠಿಯಲ್ಲಿ ಮಾತಾಡಿಸಿದಳು. ಶೀತಲ್ ಅತ್ತಿತ್ತ ನೋಡಿ, ಅಕ್ಕೋರ ತುಟಿಯ ಮೇಲೆ ತನ್ನ ಬೆರಳಿಟ್ಟಳು.

"ನಾ ಏನ ಮಾಡ್ಲಿ ಹೇಳ್ರಿ?" ಎಂದು ಪದ್ಮಜಾ ನನ್ನೆದುರು ಅತ್ತಳು. ನನಗೇನು ಗೊತ್ತು? ಇರುವುದು ಒಬ್ಬಳೇ ಅಕ್ಕೋರು. ಒಂದು ಮಗುವಿನ ಬಳಿ ಕೂತರೆ ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ನನಗೆ ಸಿಟ್ಟು ಬಂತು, ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಹಂಗಾಮು ಮುಗಿದು ಟೋಳಿ ಟ್ರ್ಯಾಕ್ಟರ್ ಹತ್ತುವ ದಿನ ಶೀತಲ್‌ಳ ತಾಯಿ ಮಗಳ ಕೈಹಿಡಿದು ಶಾಲೆಗೆ ಬಂದಳು. ನನಗೂ ತಿಳಿಯುವಂಥ ಸರಳ ಮರಾಠಿಯಲ್ಲಿ ಹೇಳಿದಳು: ಇವಳ ವಟವಟಕ್ಕೆ ಇಡೀ ಟೋಳಿ ಬೇಸತ್ತಿತ್ತು, ಈಗ ಗುಡಿಸಲಲ್ಲೂ ತುಟಿ ಬಿಚ್ಚುವುದಿಲ್ಲ, ಇಷ್ಟು ಒಳ್ಳೆಯ ಬುದ್ಧಿಯನ್ನು ಬೇರೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಹೇಳಿ, ಬಗ್ಗಿ ಪದ್ಮಜಾಳ ಕಾಲಿಗೆ ನಮಸ್ಕಾರ ಮಾಡಿದಳು. ಮಗಳಿಂದಲೂ ಮಾಡಿಸಿದಳು.