ಹೇಳಿಕೊಡದ ಅಕ್ಕೋರು

ಅಕ್ಕೋರ ಸೀರೆ ಮೊದಲು ಸವೆಯುತ್ತಿದ್ದದ್ದು ಮೊಣಕಾಲ ಬಳಿ. ಬಾಲವಾಡಿಯಲ್ಲಿ ಅವರಿಗೊಂದು ಕುರ್ಚಿಯಿತ್ತು. ಅದರ ಮೇಲೆ ಮಕ್ಕಳ ಚೀಲಗಳಿರುತ್ತಿದ್ದವು. ಅಕ್ಕೋರು ಮಾತ್ರ ನೆಲಕ್ಕೆ ಮಂಡಿಯೂರಿ, ಮಕ್ಕಳ ನಡುವೆ ಮರಳಿನಲ್ಲಿರುತ್ತಿದ್ದರು.

ಮಿರಜದ ಸಿತಾರ್ ಮಾಡುವವರ ಓಣಿಯಿಂದ ಒಡೆದ ಸೋರೆಬುರುಡೆ, ಕಟ್ಟಿಗೆ ಚೂರು, ತಂತಿ ಬಿಗಿಯುವ ಕೆಟ್ಟ ಬಿರಡೆಗಳನ್ನು ಹೊತ್ತು ತಂದು ನೆಲಕ್ಕೆ ಸುರಿಯುತ್ತಿದ್ದರು. ಹೀಗೇ ಆಡಿ ಎಂದು ಹೇಳಿದವರಲ್ಲ. ಒಬ್ಬ ಬಿರಡೆಗಳನ್ನು ಸಾಲು ಹಚ್ಚುತ್ತಿದ್ದ, ಇನ್ನೊಬ್ಬಳು ಜೋಡಿ ಮಾಡುತ್ತಿದ್ದಳು. ಅಕ್ಕೋರು ಪಕ್ಕಕ್ಕೆ ಸರಿದು ಮಗುವನ್ನು ಕೇಳುತ್ತಿದ್ದದ್ದು ಇಷ್ಟೇ: “ಹೆಂಗ ಗೊತ್ತಾತು, ಬಾಳಾ?”

ಒಮ್ಮೆ ನನ್ನ ಮಗಳನ್ನು ಕರೆತರಲು ಹೋದಾಗ ಅವಳ ಮುಂದೆ ಎರಡು ಬುರುಡೆಗಳಿದ್ದವು, ಒಂದು ಅಗಲ, ಒಂದು ಆಳ. ಯಾವುದರಲ್ಲಿ ಮರಳು ಹೆಚ್ಚು ಹಿಡಿಯುತ್ತದೆ ಎಂದು ತುಂಬಿ, ಸುರಿದು ನೋಡುತ್ತಿದ್ದಳು. ನನಗೆ ಅಡಿಗೆಯ ಅವಸರ. “ಅಗಲದ್ದರಾಗ ಹೆಚ್ಚು, ನಡಿ” ಎಂದೆ. ಅಕ್ಕೋರು ಕೆಂಡವಾದರು.

“ಮುಂಜಾನಿಂದ ಅದಕ್ಕ ಕುಂತಾಳ್ರಿ ಆಕಿ. ನಿಮ್ಮ ಉತ್ತರ ನಿಮ್ಮ ಕಡೆನ ಇಟಗೊರ್ರಿ.”

ಮರುದಿನ ಮಗಳೇ ಹೇಳಿದಳು, ಆಳದ್ದರಲ್ಲಿ ಹೆಚ್ಚು.

ಅದೇ ಕಾಲಕ್ಕೆ ಸಾಂಗಲಿ ರಸ್ತೆಯುದ್ದಕ್ಕೂ ಶೋರೂಮುಗಳೆದ್ದವು, ಅವುಗಳ ನಡುವೆ ಇಂಗ್ಲಿಷ್ ಮೀಡಿಯಂ ಶಾಲೆಗಳು. ಕೂಸಿಗೆ ಟೈ ಕಟ್ಟಿ ವ್ಯಾನಿಗೆ ತುರುಕುವುದೇ ದೊಡ್ಡಸ್ತಿಕೆಯಾಯಿತು. ಸಂಕ್ರಾಂತಿಗೆ ಅಕ್ಕೋರಿಗೆ ಎಳ್ಳುಬೆಲ್ಲ ಕೊಟ್ಟು ಕಾಲಿಗೆ ಬಿದ್ದ ತಾಯಂದಿರೇ, ಆಟ ಬಿಟ್ಟರೆ ಏನೂ ಕಲಿಸುವುದಿಲ್ಲವೆಂದು ಅವರ ಮೇಲೆ ದೂರು ಒಯ್ದರು. ಆ ತಾಯಂದಿರ ಹೆಸರು ಹೇಳಲೂ ನನಗೆ ಅಸಹ್ಯ.

ಬಾಲವಾಡಿಯ ಅಧ್ಯಕ್ಷರು ಬಟ್ಟೆ ಅಂಗಡಿಯ ಸಾವಕಾರರು. ನಮ್ಮೆದುರೇ ಅಕ್ಕೋರಿಗೆ ಹೇಳಿದರು: “ಆಟಾ ಮನ್ಯಾಗೂ ಆಡ್ತಾವ್ರಿ. ಇಲ್ಲಿ ನೂರರ ತನಕ ಬರೀಲಿ.”

“ಬರೀತಾವ್ರಿ, ಸಾವಕಾರ್ರ. ಆದ್ರ ನೂರು ಅಂದ್ರ ಎಷ್ಟಂತ ಕೈಗೆ ಗೊತ್ತಾಗಬೇಕಲ್ರಿ ಮೊದಲ?”

ಸಾವಕಾರರು ನಕ್ಕರು. ಆ ನಗೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬೇಸಿಗೆ ರಜೆಯಲ್ಲಿ ಬೆಂಚು ಬಂದವು, ಬುರುಡೆ ಬಿರಡೆಗಳೆಲ್ಲ ಸಾವಕಾರರ ಮನೆಯ ನೀರೊಲೆ ಸೇರಿದವು. ಜೂನಿನಲ್ಲಿ ಬಾಗಿಲಿಂದಲೇ ಬೆಂಚುಗಳನ್ನು ನೋಡಿದ ಅಕ್ಕೋರು ಒಳಗೆ ಕಾಲಿಡದೆ ಮನೆಗೆ ಹೋದವರು ಮತ್ತೆ ಬರಲಿಲ್ಲ. ಬೇರೆ ಎಲ್ಲೂ ಅವರಿಗೆ ಕೆಲಸ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ, ಕಾಯಿಲೆ ಬಿದ್ದು, ತೀರಿಕೊಂಡರು.

ನನ್ನ ಮಗಳು ಇಂದಿಗೂ ಯಾರೋ ಹೇಳಿದರೆಂದು ಏನನ್ನೂ ಒಪ್ಪುವವಳಲ್ಲ, ತಾನೇ ಅಳೆದು ನೋಡುತ್ತಾಳೆ. ಆ ಋಣ ನನ್ನ ತಲೆಯ ಮೇಲಿದೆ.

ಅಕ್ಕೋರು ತೀರಿಕೊಂಡ ವರ್ಷವೇ ಬಾಲವಾಡಿಯಲ್ಲಿ ಅವರ ನೆನಪಿಗೆಂದು ಸ್ಪರ್ಧೆ ಇಟ್ಟರು. ಫೋಟೋಕ್ಕೆ ಹಾರ ಹಾಕಿ, ಅದರ ಕೆಳಗೇ ಎಳೆಯ ಕೂಸುಗಳನ್ನು ಬೆಂಚಿನಲ್ಲಿ ಕೂರಿಸಿದರು. ಒಂದರಿಂದ ನೂರರವರೆಗೆ ಯಾರು ಬೇಗ ಬರೆಯುತ್ತಾರೋ ಅವರಿಗೆ ಬಹುಮಾನ. ಅಕ್ಕೋರ ಕೈಯಲ್ಲಿ ಕಲಿತವಳ ತಾಯಿ ಎಂದು ಅದನ್ನು ಕೊಡಲು ನನ್ನನ್ನು ಕರೆದಿದ್ದರು.

“ಬರ್ರಿ, ನಿಮ್ಮ ಕೈಲೇನ ಆಗಲಿ” ಎಂದರು ಸಾವಕಾರರು.

“ನನ್ನ ಕೈಲೆ ಆಗೂದಿಲ್ರಿ” ಎಂದು ಎದ್ದು ಬಂದೆ. ಬಹುಮಾನವನ್ನು ಬೇರೆ ಯಾರೋ ಕೊಟ್ಟರಂತೆ, ಚಪ್ಪಾಳೆಯೂ ಬಿತ್ತಂತೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.