ಸಪ್ಲೈ ಆರಿಸಿದರೂ ಓಡಿದ ಅಲೆ

ನಮ್ಮ ತಾಂತ್ರಿಕ ಕಾಲೇಜಿನ ಅನಲಾಗ್ ಪ್ರಯೋಗಾಲಯಕ್ಕೆ ಹೆಸರು ತಂದು, ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರಷ್ಟು ಚೆನ್ನಾಗಿ ಫೇಸ್ ಶಿಫ್ಟ್ ಆಸಿಲೇಟರಿನ ವಿನ್ಯಾಸ ಕಲಿಸಿದವರನ್ನು ನಾನು ಕಂಡಿಲ್ಲ. ಹೊರಗಿನ ಯಾವ ಸಂಕೇತವನ್ನೂ ಬೇಡದೆ, ಒಂದು ಆಂಪ್ಲಿಫೈಯರು ಮತ್ತು ಕೆಲವು ರೆಸಿಸ್ಟರು, ಕೆಪಾಸಿಟರುಗಳ ಬಲದಿಂದ ತಾನೇ ಅಲೆ ಹುಟ್ಟಿಸುವ ಸರ್ಕ್ಯೂಟು ಅದು.

"ಲೆಕ್ಕ ಸಂಕೇತವನ್ನ ಇಪ್ಪತ್ತೊಂಬತ್ತು ಪಟ್ಟು ಹಿಗ್ಗಿಸೋ ಗೇನ್ ಸಾಕು ಅನ್ನುತ್ತೆ. ನೀವು ಮೂವತ್ತೆರಡು ಇಟ್ಕೊಳ್ಳಿ. ಕೆಪಾಸಿಟರ್ ಪಾಪ, ನಿಮ್ಮ ಪುಸ್ತಕ ಓದಿರಲ್ಲ" ಎನ್ನುತ್ತಿದ್ದರು.

ಸರ್ಕ್ಯೂಟು ಓಡದಿದ್ದಾಗ ವಿದ್ಯಾರ್ಥಿಗಳು ಮೇಜಿನಡಿಯಿಂದ ಸಿದ್ಧ ಅಲೆ ಕೊಡುವ ಸಿಗ್ನಲ್ ಜನರೇಟರಿನ ತಂತಿ ಎಳೆದು, ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿಗೆ ನೇರ ಚುಚ್ಚುತ್ತಿದ್ದರು. ಮೇಡಂ ಬೈಯುತ್ತಿರಲಿಲ್ಲ, ಸರ್ಕ್ಯೂಟಿನ ವಿದ್ಯುತ್ ಸಪ್ಲೈ ಆರಿಸುತ್ತಿದ್ದರು. ಪರದೆಯ ಮೇಲೆ ಅಲೆ ಮಾತ್ರ ಹಾಯಾಗಿ ಓಡುತ್ತಿತ್ತು.

"ಏನಪ್ಪಾ, ನಿನ್ನ ಸರ್ಕ್ಯೂಟಿಗೆ ಊಟನೂ ಬೇಡ್ವಾ?"

ಸೊನ್ನೆ ಹಾಕಿ, ಆಮೇಲೆ ಅದೇ ಹುಡುಗನ ಪಕ್ಕ ಕೂತು, ಅಟೆಂಡರು ಬೀಗದ ಕೈ ಕುಲುಕುವವರೆಗೂ ತಪ್ಪು ಹುಡುಕಿ, ನಿಜವಾದ ಅಲೆ ಬರಿಸಿಯೇ ಏಳುತ್ತಿದ್ದರು.

ಒಮ್ಮೆ ತಪಾಸಣಾ ತಂಡ ಬಂತು. ಹೊಸ ಬಿಡಿಭಾಗ ಕೊಡಿಸಿ ಎಂದು ಮೇಡಂ ಕೇಳಿ ಕೇಳಿ ಸಾಕಾಗಿದ್ದರು. ಹಳೆಯ ಬೋರ್ಡುಗಳು ಸತ್ತಿದ್ದವು. ವಿಭಾಗದ ಮುಖ್ಯಸ್ಥರು ಕಂಡುಕೊಂಡ ಪರಿಹಾರವೂ ಮೇಜಿನಡಿಯ ತಂತಿಯೇ! ಮರುತಿಂಗಳು ಅವರ ಕುರ್ಚಿಗೆ ಬರುವ ಸರದಿ ಮೇಡಂ ಅವರದು. ಸುಮ್ಮನಿದ್ದರೆ ಸಾಕಿತ್ತು. ಅತಿಥಿಗಳು "ಎಷ್ಟು ಶುದ್ಧವಾದ ಅಲೆ!" ಎಂದು ತಲೆದೂಗುತ್ತಿರುವಾಗ ಮೇಡಂ ಕೈ ಚಾಚಿ ಸಪ್ಲೈ ಆರಿಸಿದರು. ಅಲೆ ಓಡುತ್ತಲೇ ಇತ್ತು.

"ಏನ್ ಮೇಡಂ, ಬಂದೋರ ಮುಂದೆ ಮರ್ಯಾದೆ ತೆಗೀತೀರಾ?" ಎಂದರು ಮುಖ್ಯಸ್ಥರು.

"ಇದಕ್ಕೆ ಹುಡುಗರಿಗೆ ಸೊನ್ನೆ ಕೊಟ್ಟಿದ್ದೀನಿ ಸರ್. ನಿಮಗೆ ಬೇರೆ ಅಳತೆ ಇಟ್ಕೊಳ್ಳೋಕೆ ಆಗಲ್ಲ."

ಕುರ್ಚಿ ಕೈತಪ್ಪಿತು, ಮೇಡಂ ಅವರ ಕೈಕೆಳಗೆ ಕಲಿತವರೊಬ್ಬರು ಅದನ್ನೇರಿದರು. "ಹೊಂದಿಕೊಂಡು ಹೋಗುವ ಗುಣವಿಲ್ಲ" ಎಂದು ಅಂದು ಷರಾ ಬರೆದ ಆ ಮುಖ್ಯಸ್ಥ ಮಹನೀಯರು ಇಂದು ನಮ್ಮ ಪ್ರಾಂಶುಪಾಲರು. ಈ ಅಭಿನಂದನ ಗ್ರಂಥದ ಮುನ್ನುಡಿಯಲ್ಲಿ ಮೇಡಂ ಅವರ "ಅಚಲ ಸತ್ಯನಿಷ್ಠೆ"ಗೆ ಅವರು ತಲೆಬಾಗಿದ್ದಾರೆ. ಬಾಗಲಿ, ಆ ತಲೆಗೆ ವ್ಯಾಯಾಮ ಬೇಕಿತ್ತು. ಸಂಪಾದಕರು ನನಗೆ "ಸ್ವಲ್ಪ ಸಿಹಿಯಾಗಿ ಬರೀರಿ" ಎಂದಿದ್ದರು. ಕ್ಷಮೆಯಿರಲಿ, ಹೊಟ್ಟೆ ಉರಿಯುವಾಗ ಸಿಹಿ ಇಳಿಯುವುದಿಲ್ಲ.

ಮೇಡಂ ಆರೋಗ್ಯದಿಂದ ಬಹುಕಾಲ ಬಾಳಲಿ. ಅವರ ಮನೆಯ ಮುಂಗೋಣೆ, ಸರ್ಕ್ಯೂಟು ಜೋಡಿಸುವ ಬ್ರೆಡ್‌ಬೋರ್ಡು ಹಿಡಿದು ಬರುವ ಹುಡುಗ ಹುಡುಗಿಯರಿಂದ ತುಂಬಿರಲಿ. ಸನ್ಮಾನದ ದಿನ ವೇದಿಕೆಯ ಮೇಲೆ ಹೊಗಳಿಕೆ ಅಲೆಅಲೆಯಾಗಿ ಹರಿಯುವಾಗ ಮಾತ್ರ, ಹಳೆಯ ಅಭ್ಯಾಸದಂತೆ, ಒಮ್ಮೆ ಸಪ್ಲೈ ಆರಿಸಿ ನೋಡಲಿ.