ಪಾದ ನೋಡದೆ ಬರೆದ ಸರ್ಟಿಫಿಕೇಟು

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಯಾವ ಊರಿನದು ಎಂಬುದು ಬೇಡ. ಜ್ವರದವರ ಸಾಲು, ಹೆರಿಗೆ, ಹಾವು ಕಚ್ಚಿದವರು, ಇವರ ನಡುವೆ ಪೊಲೀಸರು ಆರೋಪಿಗಳನ್ನೂ ಕರೆತರುತ್ತಿದ್ದರು. ಬಂಧಿಸಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದಕ್ಕೆ ಮೊದಲು ವೈದ್ಯರು ಪರೀಕ್ಷಿಸಿ, ಮೈಮೇಲೆ ಗಾಯ ಇದೆಯೋ ಇಲ್ಲವೋ ಬರೆದುಕೊಡಬೇಕು. ಠಾಣೆಯಲ್ಲಿ ಹೊಡೆತ ಬಿದ್ದಿದ್ದರೆ ನ್ಯಾಯಾಧೀಶರಿಗೆ ತಿಳಿಯಲಿ ಎಂಬುದೇ ಇದರ ಉದ್ದೇಶ.

ನಾನು ಮಾಡುತ್ತಿದ್ದುದು ಹೀಗೆ. ಕಾನ್‌ಸ್ಟೇಬಲ್ ಸಾಲು ತಪ್ಪಿಸಿ ಒಳಗೆ ಬರುತ್ತಿದ್ದ. ಆರೋಪಿ ಮೇಜಿನ ಪಕ್ಕ ನಿಲ್ಲುತ್ತಿದ್ದ. ಅಂಗಿ ಎತ್ತಿಸಿ ಬೆನ್ನು ನೋಡಿ, ಬಿಪಿ ನೋಡಿ, "ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳುತ್ತಿದ್ದೆ. ಕಾನ್‌ಸ್ಟೇಬಲ್ ಅವನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಿದ್ದ. "ಇಲ್ಲ" ಎಂಬ ಉತ್ತರ ಬರುತ್ತಿತ್ತು. ‘ನೋ ಎಕ್ಸ್‌ಟರ್ನಲ್ ಇಂಜುರೀಸ್’, ಅಂದರೆ ಹೊರಗೆ ಕಾಣುವ ಗಾಯಗಳಿಲ್ಲ ಎಂದು ಬರೆದು ಸಹಿ ಹಾಕಿದರೆ ಮುಗಿಯಿತು. ಪೊಲೀಸರನ್ನು ದೂರವಿಟ್ಟು ಕೇಳಬೇಕು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗಿಂತ ಹಿರಿಯರು ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದೆ.

ನಿವೃತ್ತಿಯಾದ ಮೇಲೆ ಮಂಡ್ಯದಲ್ಲೇ ಉಳಿದೆ. ಮರುವರ್ಷ ಮದ್ದೂರಿನ ಕೆಲವು ವಕೀಲರೂ ಯುವಕರೂ ಸೇರಿ ಮಾನವ ಹಕ್ಕುಗಳ ದಿನದ ಕಾರ್ಯಕ್ರಮಕ್ಕೆ ನನ್ನನ್ನು ಕರೆದರು. ಠಾಣೆಯಲ್ಲಿನ ಹಿಂಸೆ, ಅದರಲ್ಲಿ ವೈದ್ಯರ ಹೊಣೆ ಎಂಬುದು ವಿಷಯ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನನ್ನ ‘ನಿಷ್ಕಳಂಕ ಸೇವೆ’ಯನ್ನು ಹೊಗಳಿದರು. ನಾನೂ ಉಬ್ಬಿಹೋಗಿ, "ಪೊಲೀಸರು ಹೊಡೆದಿದ್ದರೆ ಹೆದರದೆ ವೈದ್ಯರಿಗೆ ಹೇಳಿ, ಅವರು ಬರೆಯಲೇಬೇಕು" ಎಂದು ಅರ್ಧ ಗಂಟೆ ಭಾಷಣ ಬಿಗಿದೆ.

ಭಾಷಣ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದರು. ಹೆಸರು ಜುಬೇದಾ, ಮಳವಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಜೆರಾಕ್ಸ್ ಪ್ರತಿ.

"ಡಾಕ್ಟ್ರಮ್ಮ, ನನ್ ಮಗ ನಯಾಜ್ ನಿಮ್ ಮುಂದ್ಲೇ ನಿಂತಿದ್ದ ಕಣಮ್ಮ. ಅಂಗಾಲಿಗೆ ಲಾಠೀಲಿ ಒಡ್ದಿದ್ರು. ಎರಡ್ ತಿಂಗ್ಳು ಸರ್ಯಾಗಿ ನೆಲಕ್ಕೆ ಕಾಲೂರ್ನಿಲ್ಲ. ನೀವು ಗಾಯ ಇಲ್ಲ ಅಂತ ಬರ್ದಿದೀರಿ. ನೋಡಿ ಬರುದ್ರೋ, ನೋಡ್ದೆ ಬರುದ್ರೋ? ಅಷ್ಟ್ ಯೋಳ್ಬುಡಿ ಸಾಕು."

ಸಂಘಟಕರು "ಪ್ರಶ್ನೆಗಳು ಆಮೇಲೆ, ಅಮ್ಮ" ಎಂದು ಕೂರಿಸಲು ನೋಡಿದರು. ಆಕೆ ಕೂರಲಿಲ್ಲ. ನಾನು ಕೆಳಗಿಳಿದು ಹೋಗಿ ಪ್ರತಿ ನೋಡಿದೆ. ಸಹಿ ನನ್ನದೇ. ಅವನ ಮುಖ ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಆಮೇಲೆ ತಿಳಿದ ಸಂಗತಿ ಇಷ್ಟು. ನಯಾಜ್ ದ್ವಿಚಕ್ರ ವಾಹನಗಳ ಮೆಕ್ಯಾನಿಕ್. ಕದ್ದ ಗಾಡಿಯ ಬಿಡಿಭಾಗ ಕೊಂಡಿದ್ದಾನೆ ಎಂಬ ಅನುಮಾನದ ಮೇಲೆ ಪೊಲೀಸರು ಹಿಡಿದಿದ್ದರು. ಆ ಕಳವಿಗೂ ಅವನಿಗೂ ಸಂಬಂಧವಿಲ್ಲ ಎಂದು ಆಮೇಲೆ ಅವರೇ ಕೈಬಿಟ್ಟರು. ಅಷ್ಟರಲ್ಲಿ ಬಲಗಾಲು ಹಾಳಾಗಿ, ಕಿಕ್ ಹೊಡೆದು ಗಾಡಿ ಸ್ಟಾರ್ಟ್ ಮಾಡಲೂ ಆಗದ ಸ್ಥಿತಿಗೆ ಬಂದಿದ್ದ. ತನಗೆ ಹೊಡೆದವರ ಮೇಲೆ ಖಾಸಗಿ ದೂರು, ಅಂದರೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಹಾಕಿದ್ದ. ಎದುರಾಳಿಗಳ ಕೈಯಲ್ಲಿದ್ದ ದೊಡ್ಡ ಸಾಕ್ಷ್ಯ ನನ್ನ ಸರ್ಟಿಫಿಕೇಟು. ಅದು ಹಾಗೇ ನಿಂತರೆ ಅವನ ದೂರು ಬಿದ್ದುಹೋಗುತ್ತಿತ್ತು.

ಸಾಕ್ಷಿ ಹೇಳಲು ಸಮನ್ಸ್ ಬಂತು. ಜೊತೆಯಲ್ಲಿ ಕೆಲಸ ಮಾಡಿದ ಡಾಕ್ಟರೊಬ್ಬರು ಫೋನ್ ಮಾಡಿ, "ರಿಟೈರಾದ ಮೇಲೆ ಇದೆಲ್ಲ ಯಾಕೆ ಮೇಡಂ? ಎನ್‌ಕ್ವೈರಿ ಅಂತ ಪೆನ್ಷನ್‌ಗೆ ಕೈ ಹಾಕ್ತಾರೆ. ನೆನಪಿಲ್ಲ ಅಂದ್ಬುಡಿ, ಮುಗೀತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೂ ಸಾಕಾಗಿತ್ತು. ನೆನಪಿಲ್ಲ ಎಂಬುದು ನಿಜವೂ ಆಗಿತ್ತು. ನಾಲ್ಕು ದಿನ ಆ ನಿಜವನ್ನೇ ಹಿಡಿದುಕೊಂಡು ಕೂತಿದ್ದೆ.

ಆದರೆ ಇನ್ನೊಂದು ಸಂಗತಿಗೆ ನೆನಪೇ ಬೇಕಿರಲಿಲ್ಲ. ಅಷ್ಟು ವರ್ಷಗಳಲ್ಲಿ ಪೊಲೀಸರು ತಂದ ಒಬ್ಬನೇ ಒಬ್ಬನ ಪಾದವನ್ನೂ ನಾನು ನೋಡಿದವಳಲ್ಲ. ನಿಲ್ಲಿಸಿಕೊಂಡು ನೋಡುವವರಿಗೆ ಅಂಗಾಲು ಕಾಣುವುದಿಲ್ಲ. ಹೊಡೆಯುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಕೋರ್ಟಿನಲ್ಲಿ ಅದನ್ನೇ ಹೇಳಿದೆ. ಪೊಲೀಸರ ಪರ ವಕೀಲರು ಎದ್ದು ಕೇಳಿದರು: "ಹಾಗಾದರೆ ನೀವು ಸಹಿ ಹಾಕಿದ ಅಷ್ಟೂ ಸರ್ಟಿಫಿಕೇಟು ಸುಳ್ಳೇ?"

ನನ್ನನ್ನು ಹೆದರಿಸಿ ಹಿಮ್ಮೆಟ್ಟಿಸಲು ಕೇಳಿದ್ದು. "ಪೂರ್ತಿ ನೋಡದೆ ಬರೆದವು" ಎಂದೆ. ಮ್ಯಾಜಿಸ್ಟ್ರೇಟರು ತಲೆಯೆತ್ತಿ ಒಮ್ಮೆ ನೋಡಿ, ಅದನ್ನು ಹಾಗೆಯೇ ಬರೆಸಿದರು.

ಹೊರಗೆ ನಯಾಜ್ ಬೆಂಚಿನ ಮೇಲೆ ಕೂತಿದ್ದ. ಕ್ಷಮೆ ಕೇಳೋಣವೆಂದು ಹತ್ತಿರ ಹೋದೆ. ಅವನೇ ಮೊದಲು ಮಾತಾಡಿದ.

"ಅವತ್ತು ನೀವು ಕಾಲು ತೋರ್ಸು ಅಂದಿದ್ರೂ ನಾನು ಏನೂ ಆಗಿಲ್ಲ ಅಂತಿದ್ದೆ, ಡಾಕ್ಟ್ರಮ್ಮ. ಪಕ್ಕದಲ್ಲೇ ನಿಂತಿದ್ನಲ್ಲ ಅವ್ನು. ‘ಸ್ವಲ್ಪ ಆಚೆ ಇರಪ್ಪ’ ಅಂತ ಅವ್ನಿಗೆ ಒಂದ್ ಮಾತು ಅಂದ್ಬುಟ್ಟಿದ್ರೆ ಆಗೋದು."

ನಾನು ಕ್ಷಮೆ ಕೇಳುವ ಮೊದಲೇ ಜುಬೇದಾ ಮಗನ ತೋಳು ಹಿಡಿದು ಮೆಟ್ಟಿಲಿಳಿಸಿ ಕರೆದುಕೊಂಡು ಹೋದರು.

ಕೇಸು ಇನ್ನೂ ನಡೆಯುತ್ತಿದೆ. ಅವರು ವಾಯಿದೆಯಿಂದ ವಾಯಿದೆಗೆ ಅಲೆಯುತ್ತಿದ್ದಾರೆ. ಕೊಪ್ಪ, ಬಸರಾಳು ಎಂದು ಎಲ್ಲಿ ಕರೆದರೂ ಹೋಗಿ ಇದನ್ನು ಹೇಳುತ್ತೇನೆ. ಹೊಸ ಡಾಕ್ಟರುಗಳು ಸಿಕ್ಕರೆ, ಮೊದಲು ಪೊಲೀಸರನ್ನು ಬಾಗಿಲಾಚೆ ಕಳಿಸಿ, ಆಮೇಲೆ ಆರೋಪಿಯನ್ನು ಮಲಗಿಸಿ ಅಂಗಾಲಿನಿಂದ ಶುರು ಮಾಡಿ ಎನ್ನುತ್ತೇನೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ವೃತ್ತಿ ಮುಗಿದ ಮೇಲೆ. ಪ್ರತಿ ಸಭೆಯಲ್ಲೂ ಮಾತು ಮುಗಿಸಿ, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದು ತುಸು ಹೊತ್ತು ಕಾಯುತ್ತೇನೆ. ನಯಾಜ್ ಒಬ್ಬನಿಗೇ ಹೀಗಾಗಿರಲು ಸಾಧ್ಯವಿಲ್ಲ. ಉಳಿದವರು ಯಾರೆಂದು ನನಗೆ ಗೊತ್ತಿಲ್ಲ, ಅವರೆಲ್ಲರ ಕಾಗದದ ಮೇಲೆ ನನ್ನ ಸಹಿ ಇದೆ.